ದಿಣ್ಣೆ ಹತ್ತದ ಟ್ರಾಲಿ

ನಾನು ಕುವೈತಿಗೆ ಬಂದದ್ದು ಟೈಪಿಸ್ಟ್ ಕೆಲಸ ಹುಡುಕಿಕೊಂಡು. ಟ್ರಾಲಿ ಓಡಿಸುವವಳಾದದ್ದು ಸೋಮವಾರದ ದೆಸೆಯಿಂದ.

ಸಮುದ್ರದ ಬದಿಯಲ್ಲಿದ್ದ ಆ ದೊಡ್ಡ ಪಾರ್ಕಿನಲ್ಲಿ ಸೋಮವಾರ ಹೆಂಗಸರಿಗೂ ಮಕ್ಕಳಿಗೂ ಮಾತ್ರ ಪ್ರವೇಶ. ಅಂದು ಗಂಡಸರು ಒಳಗೆ ಕಾಲಿಡುವಂತಿಲ್ಲ. ಟಿಕೆಟ್ ಹರಿಯುವವರಿಂದ ಹಿಡಿದು ಯಂತ್ರ ನಡೆಸುವವರ ತನಕ ಎಲ್ಲರೂ ಹೆಂಗಸರೇ ಆಗಬೇಕು. ಕೊಲ್ಲಿ ಯುದ್ಧ ಮುಗಿದು ಪಾರ್ಕು ಮತ್ತೆ ತೆರೆಯುವ ತಯಾರಿಯಲ್ಲಿದ್ದಾಗ ಅದಕ್ಕಾಗಿ ಹನ್ನೆರಡು ಮಂದಿ ಹೆಂಗಸರನ್ನು ತೆಗೆದುಕೊಂಡರು. ಸಾಲಾಗಿ ನಿಲ್ಲಿಸಿ ಅಧಿಕಾರಿಯೊಬ್ಬರು ಅರಬ್ಬಿಯಲ್ಲಿ ಏನೋ ಕೇಳಿದರು. ಎಲ್ಲರೂ ಕೈ ಎತ್ತಿದರು. ನನಗೆ ಭಾಷೆ ಗೊತ್ತಿಲ್ಲ, ಸುಮ್ಮನೆ ನಿಂತೆ. "ಕರೆಂಟಿಗೆ ಹೆದರುವವರು ಯಾರು?" ಎಂದು ಅವರು ಕೇಳಿದ್ದರೆಂದು ಆಮೇಲೆ ತಿಳಿಯಿತು. ಹೀಗೆ ಹೆದರದವಳು ಎಂಬ ಹೆಸರಿನೊಂದಿಗೆ ನನ್ನ ಕೆಲಸ ಆರಂಭವಾಯಿತು.

ಆ ಪಾರ್ಕು ಈಗ ಇಲ್ಲ. ಗೋಡೆ ಕೂಡ ಉಳಿದಿಲ್ಲ. ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿದ ಮೇಲೆ ಕೆಲವು ಹುಡುಗಿಯರು, ಮಾಲುಗಳೊಳಗಿನ ಆಟದ ಯಂತ್ರಗಳಿಗೆ ಹೊಸದಾಗಿ ಕೆಲಸಕ್ಕೆ ಸೇರಿದವರು, ನನ್ನ ಹತ್ತಿರ ಬಂದು "ಆಂಟಿ, ಈ ಕೆಲಸ ಹೇಗೆ ಉಂಟು?" ಎಂದು ಕೇಳುತ್ತಾರೆ. ಅಂಗಳದಲ್ಲಿ ನಿಂತು ಹೇಳಿ ಮುಗಿಯುವ ಮಾತಲ್ಲ ಅದು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಟ್ರಾಲಿ ಎಂದರೆ ಏನೆಂದು ಹೇಳಬೇಕು. ನಿಮಗೆ ಗೊತ್ತಿರುವುದು ಸೂಪರ್‌ಮಾರ್ಕೆಟಿನಲ್ಲಿ ಸಾಮಾನು ತುಂಬಿಸುವ ಗಾಡಿ. ನಾನು ಹೇಳುವುದು ಹಳಿಯ ಮೇಲೆ ಓಡುವ, ಬದಿ ತೆರೆದ, ಮರದ ಬೆಂಚುಗಳ ಒಂದು ಬಸ್ಸಿನಷ್ಟು ದೊಡ್ಡ ಬಂಡಿ. ಅದರ ನೆತ್ತಿಯಿಂದ ಒಂದು ಉದ್ದನೆಯ ಕಂಬ ಓರೆಯಾಗಿ ಮೇಲೆ ಹೋಗುತ್ತದೆ. ಕಂಬದ ತುದಿಯಲ್ಲಿ ಒಂದು ಪುಟ್ಟ ಗಾಲಿ. ಆ ಗಾಲಿ ಮೇಲಿನ ತಾಮ್ರದ ತಂತಿಗೆ ಒತ್ತಿಕೊಂಡು ಕರೆಂಟು ಇಳಿಸುತ್ತದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಟ್ರಾಲಿ ಕಂಪನಿಗಳವರೇ ತಮ್ಮ ಹಳಿ ಮುಗಿಯುವಲ್ಲಿ ಇಂಥ ಪಾರ್ಕುಗಳನ್ನು ಕಟ್ಟುತ್ತಿದ್ದರಂತೆ, ರಜೆಯ ದಿನವೂ ಜನ ಟ್ರಾಲಿ ಹತ್ತಲಿ ಎಂದು. ನಮ್ಮ ಪಾರ್ಕಿನ ನಕ್ಷೆ ಬರೆದವರಿಗೆ ಅದರ ಮೇಲೆ ಮೋಹವಿತ್ತೆಂದು ಕಾಣುತ್ತದೆ. ಟ್ರಾಲಿಯೇ ಇಲ್ಲದ ಊರಿನಲ್ಲಿ ಪಾರ್ಕಿನೊಳಗೇ ಒಂದನ್ನು ಓಡಿಸಿದರು. ಮುಂಬಾಗಿಲಿನಿಂದ ಹೊರಟು, ತಿರುಗುವ ತೊಟ್ಟಿಲುಗಳ ಬದಿಯಿಂದ ಬಂದು, ಮಣ್ಣು ಪೇರಿಸಿ ಮಾಡಿದ ದಿಣ್ಣೆ ಹತ್ತಿ, ಅಲ್ಲಿಂದ ಸಮುದ್ರ ತೋರಿಸಿ, ಇಳಿದು, ಕೊಳ ಸುತ್ತಿ ಮತ್ತೆ ಬಾಗಿಲಿಗೆ. ಸಪಾಟು ನೆಲದ ಈ ದೇಶದಲ್ಲಿ ಮಕ್ಕಳಿಗೆ ಆ ದಿಣ್ಣೆಯೇ ದೊಡ್ಡ ಬೆಟ್ಟ.

ಯುದ್ಧದಲ್ಲಿ ತಾಮ್ರದ ತಂತಿಯನ್ನೆಲ್ಲ ಯಾರೋ ಬಿಚ್ಚಿಕೊಂಡು ಹೋಗಿದ್ದರು. ನಾನು ಸೇರಿದಾಗ ಹೊಸ ತಂತಿ ಎಳೆಯುತ್ತಿದ್ದರು. ಎಳೆಸುತ್ತಿದ್ದವರು ಉಸ್ತಾ ರಮದಾನ್. ಈಜಿಪ್ಟಿನವರು, ಅಲೆಕ್ಸಾಂಡ್ರಿಯಾದಲ್ಲಿ ಹದಿನೈದು ವರ್ಷ ಟ್ರಾಮ್ ಓಡಿಸಿದವರು. ಕಸುಬು ಬಲ್ಲವರನ್ನು ಅವರ ಕಡೆ 'ಉಸ್ತಾ' ಎನ್ನುತ್ತಾರೆ. ದಪ್ಪ ಮೀಸೆ, ಸಣ್ಣ ದನಿ. ನನಗೆ ಅರಬ್ಬಿ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲ ತಿಂಗಳ ಪಾಠವೆಲ್ಲ ಕೈಸನ್ನೆಯಲ್ಲೇ ನಡೆಯಿತು. ಸುತ್ತಿಗೆಯಿಂದ ಚಕ್ರ ತಟ್ಟಿ ಕಿವಿಯತ್ತ ಬೆರಳು ತೋರಿಸುವರು. ಗಟ್ಟಿ ಚಕ್ರ ಗಂಟೆಯಂತೆ ಮೊಳಗುತ್ತದೆ. ಒಳಗೆ ದೋಷವಿದ್ದರೆ ಸದ್ದು ಮಂಕಾಗಿ ಸತ್ತುಹೋಗುತ್ತದೆ. ಇನ್ನೊಂದು ಉಪಾಯವನ್ನೂ ಕಲಿಸಿದರು. ಕಬ್ಬಿಣದ ಮೇಲೆ ಸಂಶಯ ಬಂದರೆ ಅಲ್ಲಿ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಪುಡಿಯನ್ನು ನೆನೆಸಿ ಕೂದಲಿನಂಥ ಗೆರೆ ತೋರಿಸುತ್ತದೆ.

ಮೊದಲ ಸೋಮವಾರವೇ ನನ್ನ ಮರ್ಯಾದೆ ಹೋಯಿತು. ಬಂಡಿ ತುಂಬ ಜನ. ದಿಣ್ಣೆಯ ಬುಡದ ತಿರುವಿನಲ್ಲಿ ಕಂಬದ ಗಾಲಿ ತಂತಿಯಿಂದ ಜಾರಿ ಕಂಬ ಆಕಾಶಕ್ಕೆ ಎದ್ದಿತು. ಬಂಡಿ ಅಲ್ಲೇ ನಿಂತಿತು. ಗಂಡಸರು ಒಳಗೆ ಬರುವ ಹಾಗಿಲ್ಲ. ಉಸ್ತಾ ಗೋಡೆಯ ಆಚೆ, ಪಾರ್ಕಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ವಾಕಿಟಾಕಿ. ನಾನು ಹಿಂದೆ ಹೋಗಿ ಕಂಬದ ಹಗ್ಗ ಹಿಡಿದು ಜಗ್ಗಿದೆ. ಕಂಬ ಎಡಕ್ಕೆ ಎಳೆದರೆ ಬಲಕ್ಕೆ, ಬಲಕ್ಕೆ ಎಳೆದರೆ ಎಡಕ್ಕೆ. ಹೆಂಗಸರೆಲ್ಲ ಇಳಿದು ಬಂದು ಸುತ್ತ ನಿಂತು ಚಪ್ಪಾಳೆ ತಟ್ಟತೊಡಗಿದರು.

"ಶ್ವಯ್ಯ ಶ್ವಯ್ಯ, ಯಾ ಬಿಂತಿ," ಎಂದಿತು ನನ್ನ ಸೊಂಟದ ವಾಕಿಟಾಕಿ. ನಿಧಾನ ಮಗಳೇ, ನಿಧಾನ. ಚಪ್ಪಾಳೆ ಕೇಳಿಯೇ ಉಸ್ತಾರಿಗೆ ತಿಳಿದಿರಬೇಕು, ಮುಂದಿನದನ್ನು ಹರುಕು ಇಂಗ್ಲಿಷಿನಲ್ಲಿ ಹೇಳಿದರು. "ಮೊದಲು ಕಂಬವನ್ನು ಪೂರ್ತಿ ಕೆಳಗೆ ತಾ. ಆಮೇಲೆ ಬಿಡು. ಅದರ ಜೊತೆ ಜಗಳ ಬೇಡ."

ಏಳನೆಯ ಸಲಕ್ಕೆ ಗಾಲಿ ತಂತಿಗೆ ಕೂತಿತು. ಮುಂದಿನ ವರ್ಷಗಳಲ್ಲಿ ಈ ಕೆಲಸವನ್ನು ಕಣ್ಣು ಮುಚ್ಚಿ ಮಾಡುವಂತಾದೆ. ಆದರೆ ಆ ಏಳು ಸಲ ಎಲ್ಲರೆದುರು ಸೋತದ್ದೇ ಒಳ್ಳೆಯದಾಯಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸಿಕೊಳ್ಳುವ ಆಸೆ ಅಂದೇ ಬಿಟ್ಟುಹೋಯಿತು.

ಸೋಮವಾರಗಳಂದು ತಪ್ಪದೆ ಬರುತ್ತಿದ್ದ ಒಬ್ಬರು ಅಜ್ಜಿ ಇದ್ದರು. ಕುವೈತಿ. ಮೈತುಂಬ ಕಪ್ಪು ನಿಲುವಂಗಿ ಅಬಾಯಾ, ಕೈಯಲ್ಲಿ ಜಪಮಣಿ. ಮಕ್ಕಳು ಮೊಮ್ಮಕ್ಕಳು ತೊಟ್ಟಿಲು, ದೋಣಿ ಎಂದು ಚದುರಿಹೋದರೆ ಇವರು ಮಾತ್ರ ಟ್ರಾಲಿ ಹತ್ತಿ ನನ್ನ ಬೆನ್ನ ಹಿಂದಿನ ಬೆಂಚಿನಲ್ಲಿ ಕೂರುವರು. ಒಂದು ಸುತ್ತಲ್ಲ, ಐದು ಆರು ಸುತ್ತು. ನಾನು ಅವರನ್ನು 'ಯುಮ್ಮಾ' ಎನ್ನುತ್ತಿದ್ದೆ, ಅಮ್ಮ ಎಂದ ಹಾಗೆ. ನನ್ನ ಅರಬ್ಬಿಯ ಅರ್ಧಪಾಲು ಅವರ ಬಾಯಿಂದ ಕಲಿತದ್ದು.

ಒಂದು ದಿನ ಜನ ಕಡಿಮೆಯಿದ್ದಾಗ ಅವರು ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. ನನ್ನ ಕೈಯಲ್ಲಿದ್ದ ಹಿತ್ತಾಳೆಯ ಹಿಡಿಯನ್ನೇ ನೋಡಿದರು.

"ಇದನ್ನು ತಿರುಗಿಸಿದರೆ ಹೋಗುವುದಾ?"

"ಹೌದು ಯುಮ್ಮಾ."

"ಚಿಕ್ಕವಳಿದ್ದಾಗ ಕಾರು ಅಪ್ಪ ಓಡಿಸಿದರು. ಆಮೇಲೆ ಗಂಡ. ಆಮೇಲೆ ಮಕ್ಕಳು. ಈಗ ಡ್ರೈವರ್. ಹಿಂದಿನ ಸೀಟಿನಲ್ಲಿ ಕೂತೇ ನನ್ನ ಆಯುಷ್ಯ ಕಳೆಯಿತು," ಎಂದರು. ದುಃಖದಿಂದ ಹೇಳಿದ್ದಲ್ಲ. ಯಾರಿಗೋ ದಾರಿ ಹೇಳುವ ದನಿ.

ಬಾಗಿಲಿನಿಂದ ತೊಟ್ಟಿಲುಗಳ ತನಕ ಹಳಿ ನೇರ, ಸಪಾಟು. ನಾನು ಅವರ ಕೈಯನ್ನು ಹಿಡಿಯ ಮೇಲಿಟ್ಟು ನನ್ನ ಕೈಯನ್ನು ಅದರ ಮೇಲಿಟ್ಟೆ. ಒಂದು ನಿಮಿಷವೂ ಆಗಿರಲಾರದು. ಅವರು ನಗಲಿಲ್ಲ. ತುಟಿ ಬಿಗಿಹಿಡಿದು ಹಳಿಯನ್ನೇ ನೋಡುತ್ತಿದ್ದರು. ಕಾಲಿನಿಂದ ತುಳಿದು ಬಾರಿಸುವ ಗಂಟೆಯನ್ನು ಮಾತ್ರ ಮನಸ್ಸು ತೃಪ್ತಿಯಾಗುವಷ್ಟು ಬಾರಿಸಿದರು.

ಸಂಜೆ ಹೊರಗೆ ಬಂದಾಗ ಉಸ್ತಾ ಕುರ್ಚಿ ಮಡಚುತ್ತಿದ್ದರು. "ಇವತ್ತು ಗಂಟೆ ಹೊಡೆದದ್ದು ನೀನಲ್ಲ," ಎಂದರು. ಗೋಡೆಯ ಆಚೆಯಿಂದ, ಬೆನ್ನು ಮಾಡಿ ಕೂತವರು! ನಾನು ಮುಚ್ಚಿಡಲಿಲ್ಲ. ಅವರು ಪೂರ್ತಿ ಕೇಳಿ, "ಗಂಟೆ ಕೊಡು. ಹಿಡಿ ಕೊಡಬೇಡ," ಎಂದರು. ಆಮೇಲೆ ಯುಮ್ಮಾ ಬಂದಾಗಲೆಲ್ಲ ಗಂಟೆ ಅವರದ್ದೇ. ಒಂದು ಚಳಿಗಾಲದ ನಂತರ ಅವರು ಬರಲಿಲ್ಲ. ಹೆಸರು ಕೇಳಿಟ್ಟುಕೊಂಡಿರಲಿಲ್ಲ. ಯಾರ ಹತ್ತಿರ ವಿಚಾರಿಸುವುದು?

ಈಗ ನನ್ನ ತಪ್ಪಿನ ವಿಷಯ. ಇದನ್ನು ಬಿಟ್ಟು ಬರೆದರೆ ಉಳಿದದ್ದಕ್ಕೆ ಅರ್ಥವಿಲ್ಲ.

ಹಳಿ ಜಾರುವಾಗ ಚಕ್ರಕ್ಕೆ ಹಿಡಿತ ಸಿಗಲಿ ಎಂದು ಟ್ರಾಲಿಯಲ್ಲಿ ಒಂದು ಮರಳಿನ ಪೆಟ್ಟಿಗೆ ಇರುತ್ತದೆ. ಕಾಲಿನಿಂದ ಒತ್ತಿದರೆ ಕೊಳವೆಯಿಂದ ಮರಳು ಹಳಿಗೆ ಬೀಳುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಇಲ್ಲಿ ಸಮುದ್ರದ ಕಡೆಯಿಂದ ಒಂದು ಹಸಿ ಸೆಕೆ ಬರುತ್ತದಲ್ಲ, ಕನ್ನಡಕವೆಲ್ಲ ಮಂಜಾಗುವಂಥದ್ದು, ಆಗ ಹಳಿಯ ಮೇಲೆ ಧೂಳೂ ತೇವವೂ ಕೂಡಿ ಸಾಬೂನಿನಂತಾಗುತ್ತದೆ. ಅಂಥದೊಂದು ಸೋಮವಾರ ಪೆಟ್ಟಿಗೆ ಖಾಲಿಯಿತ್ತು. ಮರಳಿಟ್ಟಿದ್ದ ಉಗ್ರಾಣದ ಬೀಗದ ಕೈ ಉಸ್ತಾರ ಹತ್ತಿರ, ಉಸ್ತಾ ಇನ್ನೂ ಬಂದಿಲ್ಲ. ಮರಳುಗಾಡಿನಲ್ಲಿ ಮರಳಿಗೆ ಬರವೇ ಎಂದುಕೊಂಡು ಗೋಡೆಯ ಹೊರಗಿನಿಂದ ಎರಡು ಬಕೆಟ್ ತುಂಬಿ ತಂದು ಸುರಿದೆ. ಬುದ್ಧಿವಂತಿಕೆ ಮಾಡಿದೆ ಎಂಬ ಹೆಮ್ಮೆ ಬೇರೆ.

ಆ ಮರಳು ಹಿಟ್ಟಿನಷ್ಟು ನುಣುಪು. ತೇವ ಕುಡಿದು ಕೊಳವೆಯೊಳಗೆ ಕಲ್ಲಾಯಿತು. ದಿಣ್ಣೆ ಇಳಿಯುವಾಗ ಚಕ್ರ ಜಾರಿತು. ಕಾಲು ಒತ್ತಿದೆ, ಏನೂ ಬೀಳಲಿಲ್ಲ. ಕೈಬ್ರೇಕು ತಿರುಗಿಸಿ ತಿರುಗಿಸಿ ಕೊಳದ ತಿರುವಿನಲ್ಲಿ ಹೇಗೋ ನಿಂತಿತು. ನಿಂತ ಹೊಡೆತಕ್ಕೆ ಒಬ್ಬರು ಶಾಲಾ ಟೀಚರರ ಮುಖ ಮುಂದಿನ ಬೆಂಚಿಗೆ ಬಡಿದು ತುಟಿ ಒಡೆಯಿತು. ನನ್ನ ಬಿಳಿ ಕರ್ಚೀಫು ಕೊಟ್ಟೆ. ಅದು ಕೆಂಪಾಗುವುದನ್ನು ನೋಡುತ್ತ ನಿಂತದ್ದು ಇವತ್ತಿಗೂ ಕಣ್ಣೆದುರಿಗಿದೆ.

ಮರಳು ತಾನೇ ಕೊಳವೆಯಲ್ಲಿ ಕಟ್ಟಿಕೊಂಡಿತು ಎಂದು ದಿನದ ವರದಿ ಪುಸ್ತಕದಲ್ಲಿ ಬರೆದುಬಿಟ್ಟರೆ ಮುಗಿಯುತ್ತಿತ್ತು. ಬರೆಯಲೂ ಹೊರಟಿದ್ದೆ. ಉಸ್ತಾ ಕೊಳವೆಯಿಂದ ತೆಗೆದ ಒಂದು ಉಂಡೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಇದು ಎಲ್ಲಿಂದ ಬಂತೆಂದು ಬರೆ. ಇಲ್ಲದಿದ್ದರೆ ನಾಳೆ ನಿನ್ನ ಜಾಗಕ್ಕೆ ಬರುವವಳೂ ಗೋಡೆಯ ಹೊರಗೆ ಬಕೆಟ್ ಹಿಡಿದು ಹೋಗುತ್ತಾಳೆ," ಎಂದರು. ಎಲ್ಲ ಬರೆದೆ. ಪುಸ್ತಕ ಅವರ ಕೈಗೆ ಕೊಟ್ಟೆ. ಅವರು ನನ್ನ ಬರಹದ ಕೆಳಗೆ ಅರಬ್ಬಿಯಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿದರು. ಯಾರಿಂದಲೋ ಓದಿಸಿದೆ. 'ಯಾವ ಮರಳು ಹಾಕಬೇಕೆಂದು ನಾನು ಇವಳಿಗೆ ಹೇಳಿಕೊಟ್ಟಿರಲಿಲ್ಲ' ಎಂದಿತ್ತು. ನಾನು ಕಂಡ ಮೇಲಧಿಕಾರಿಗಳಲ್ಲಿ ಅಂಥ ಒಂದು ಸಾಲು ಬರೆದವರು ಅವರೊಬ್ಬರೇ.

ಉಸ್ತಾ ವಯಸ್ಸಾಗಿ ಊರಿಗೆ ಹೋದ ಮೇಲೆ ಅವರ ಜಾಗಕ್ಕೆ ಬಂದವರು ಕಾರ್ಕಳ ಕಡೆಯ ವಾಸು. ನಮ್ಮವರೆಲ್ಲ ವಾಸಣ್ಣ ಎನ್ನುವುದು. ಕರೆಂಟು, ಕಬ್ಬಿಣ ಎರಡೂ ಬಲ್ಲವರು. ಮಾತು ಕಡಿಮೆ. ನಾನು ಅಷ್ಟರಲ್ಲಿ ಓಡಿಸುವುದರ ಜೊತೆ ತಪಾಸಣೆಯನ್ನೂ ನೋಡಿಕೊಳ್ಳುತ್ತಿದ್ದೆ. ಸೋಮವಾರ ಮಾತ್ರವಲ್ಲ, ದಿನಾ ಬೆಳಿಗ್ಗೆ ಟ್ರಾಲಿಯ ಅಡಿ ತೂರಿ ನೋಡಿ, ಓಡಿಸಬಹುದು ಎಂಬ ಕಾಗದಕ್ಕೆ ಸಹಿ ಹಾಕುವವಳು ನಾನೇ. ನಾವಿಬ್ಬರೂ ತುಳು, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ನನ್ನನ್ನು ಅವರು 'ಗ್ರೇಸಿಬಾಯಿ' ಇಲ್ಲವೆ ಬರೀ 'ಬಾಯಿ' ಎನ್ನುತ್ತಿದ್ದರು. ಬ್ನೇದ್ ಅಲ್ ಗಾರಿನ ನಮ್ಮ ಮನೆಗೆ ಹಬ್ಬಕ್ಕೆ ಊಟಕ್ಕೆ ಬರುತ್ತಿದ್ದರು. ನನ್ನ ಮಗಳು ಶರೊನ್‌ಗೆ ಸೈಕಲ್ ಕಲಿಸಿದ್ದು ಅವರೇ.

ಕೆಲಸದ ರೀತಿಯೂ ಬದಲಾಗುತ್ತಿತ್ತು. ದಪ್ಪ ಪುಸ್ತಕ ಹೋಗಿ ಟಿಕ್ ಹಾಕುವ ಹಾಳೆ ಬಂತು, ಹಾಳೆ ಹೋಗಿ ಕಂಪ್ಯೂಟರ್ ಬಂತು. ಹೊಸ ಪದ್ಧತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮರೆತುಹೋಗುವುದನ್ನು ಅದು ನೆನಪಿಸುತ್ತದೆ. ಆದರೆ ಹಾಳೆಯಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದರೆ ಕಣ್ಣು ಆ ಇಪ್ಪತ್ತನ್ನೇ ನೋಡುತ್ತದೆ. ಇಪ್ಪತ್ತೊಂದನೆಯದನ್ನು ಯಾರೂ ಕೇಳುವುದಿಲ್ಲ.

ನನಗೆ ಬಿರುಕು ಸಿಕ್ಕಿದ್ದು ಹಾಳೆಯಲ್ಲಿಲ್ಲದ ಒಂದು ಕಡೆ. ಕೈಬ್ರೇಕು, ಗಾಳಿಬ್ರೇಕು ಎರಡರ ಎಳೆತವೂ ಬಂದು ಸೇರುವ ಒಂದು ಕಬ್ಬಿಣದ ತೋಳು ಟ್ರಾಲಿಯ ಅಡಿಯಲ್ಲಿತ್ತು. ಈದ್ ಹಬ್ಬಕ್ಕೆ ನಾಲ್ಕು ದಿನವಿತ್ತು. ಬೆಳಿಗ್ಗೆ ಒರೆಸುವಾಗ ಬಣ್ಣ ಬಿರಿದಂತೆ ಕಂಡಿತು. ಸೀಮೆಎಣ್ಣೆ, ಸುಣ್ಣದ ಪುಡಿ ತಂದೆ. ಗೆರೆ ಎದ್ದಿತು. ವಾಸಣ್ಣನನ್ನು ಕರೆದೆ.

"ಇದು ನೋಡಿ ವಾಸಣ್ಣ."

ಅವರು ಮಲಗಿ, ಟಾರ್ಚ್ ಹಿಡಿದು, ಉಗುರಿನಿಂದ ಗೀರಿ ನೋಡಿದರು. "ಬಣ್ಣದ್ದಲ್ಲ ಬಾಯಿ. ಕಬ್ಬಿಣದ್ದೇ."

"ಬೆಸುಗೆ ಹಾಕಿದರೆ?"

"ಈ ಜಾತಿಯ ಕಬ್ಬಿಣಕ್ಕೆ ಬೆಸುಗೆ ನಿಲ್ಲುವುದಿಲ್ಲ. ಹೊಸತು ಎರಕ ಹೊಯ್ಸಬೇಕು. ತಿಂಗಳು ಬೇಕು."

ನಾನು ಬಿರುಕಿನ ಎರಡೂ ತುದಿಗೆ ಮೊನಚು ಉಳಿಯಂಥ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೊಂದು ಚುಕ್ಕೆ ಹೊಡೆದೆ. ಬಿರುಕು ಬೆಳೆದರೆ ಚುಕ್ಕೆ ದಾಟುತ್ತದೆ, ಆಗ ಗೊತ್ತಾಗುತ್ತದೆ. ನಂತರ ಮ್ಯಾನೇಜರರ ಕೋಣೆಗೆ ಹೋದೆ.

ಆಗಿನ ಮ್ಯಾನೇಜರ್ ಪಾರ್ಕಿಗೆ ಹೊಸಬರು. ಕೆಟ್ಟ ಮನುಷ್ಯರಲ್ಲ. ಆದರೆ ಪಾರ್ಕಿಗೆ ಜನ ಬರುವುದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಎಲ್ಲರೂ ಎಸಿ ಇರುವ ಮಾಲುಗಳ ಕಡೆ ತಿರುಗಿದ್ದರು.

"ಈದ್‌ಗೆ ಟ್ರಾಲಿ ಇಲ್ಲ ಅಂದರೆ ಜನ ಬರುವುದಾದರೂ ಯಾಕೆ?" ಎಂದರು. "ಅದು ಎಷ್ಟು ವರ್ಷದಿಂದ ಹಾಗೆಯೇ ಇತ್ತೋ. ನೀವು ಇವತ್ತು ನೋಡಿದ್ದೀರಿ ಅಷ್ಟೆ. ನೀವು ಇಂಜಿನಿಯರಾ?"

"ಅಲ್ಲ ಸರ್. ಆದರೆ ಸಹಿ ನನ್ನದು. ನಾನು ಹಾಕುವುದಿಲ್ಲ."

"ಬೇರೆಯವರು ಹಾಕುತ್ತಾರೆ."

ಮಧ್ಯಾಹ್ನ ವಾಸಣ್ಣನನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ. ಕಾಗದ ಮೇಜಿನ ಮೇಲಿತ್ತು. ವಾಸಣ್ಣ ಅದನ್ನು ಎರಡು ಸಲ ಓದಿದರು. ನನ್ನ ಮುಖ ನೋಡಲಿಲ್ಲ. ಸಹಿ ಹಾಕಿದರು.

ಹೊರಗೆ ಬಂದ ಮೇಲೆ ನಾನು ಬಿಡಲಿಲ್ಲ. "ನಿಮ್ಮ ಕಣ್ಣಿಗೆ ಕಂಡಿದೆಯಲ್ಲ ವಾಸಣ್ಣ?"

"ಕಂಡಿದೆ."

"ಮತ್ತೆ?"

"ಬಾಯಿ, ಸ್ವಲ್ಪ ಕೇಳಿ..." ಎಂದು ಶುರು ಮಾಡಿದರು. ನಾನು ಕೇಳಲಿಲ್ಲ. "ಅದರಲ್ಲಿ ಮಕ್ಕಳು ಕೂರುವುದು," ಎಂದು ಹೇಳಿ ನಡೆದುಬಿಟ್ಟೆ.

ಕಾರಣ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಅವರ ಇಕಾಮಾ, ಎಂದರೆ ಇಲ್ಲಿ ಇರುವ ಪರವಾನಗಿ, ಆ ತಿಂಗಳೇ ನವೀಕರಣಕ್ಕೆ ಹೋಗಿತ್ತು. ಕೆಲಸ ಹೋದರೆ ಅವರು ಈ ದೇಶವನ್ನೇ ಬಿಡಬೇಕು. ಊರಿನಲ್ಲಿ ಇಬ್ಬರು ತಂಗಿಯರು ಮದುವೆಗಿದ್ದರು. ನನ್ನ ಸಂಗತಿ ಬೇರೆ. ನನ್ನ ಗಂಡ ಲಾರೆನ್ಸ್ ಆಸ್ಪತ್ರೆಯಲ್ಲಿ ಗಟ್ಟಿಯಾದ ಕೆಲಸದಲ್ಲಿದ್ದರು. ನನ್ನ ಕೆಲಸ ಹೋದರೂ ನಮ್ಮ ಸಂಸಾರ ಇಲ್ಲೇ ಉಳಿಯುತ್ತಿತ್ತು. ಸಹಿ ಹಾಕದಿರುವುದು ನನಗೆ ಅಗ್ಗವಾಗಿತ್ತು, ಅವರಿಗೆ ಬಹಳ ತುಟ್ಟಿ. ಇದನ್ನು ನಾನು ಅಂದು ಯೋಚಿಸಲಿಲ್ಲ. ಬಹಳ ವರ್ಷ ಯೋಚಿಸಲಿಲ್ಲ.

ಮ್ಯಾನೇಜರ್ ನನಗೆ ರಜೆ ತೆಗೆದುಕೊಳ್ಳಲು ಹೇಳಿದರು. ಬಾಕಿಯಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಊರಿಗೆ ಹೋದೆ. ಈದಿನ ಮೂರು ದಿನವೂ ಫೋನಿನ ಹತ್ತಿರವೇ ಇದ್ದೆ. ಯಾರೂ ಫೋನ್ ಮಾಡಲಿಲ್ಲ. ನಿಜ ಹೇಳುತ್ತೇನೆ, ಏನೂ ಆಗದಿರಲಿ ಎಂದು ಪ್ರಾರ್ಥಿಸಿದೆ. ಆದರೆ ಮನಸ್ಸಿನ ಒಂದು ಮೂಲೆ, ಏನೂ ಆಗದಿದ್ದರೆ ನನ್ನ ಮಾತಿಗೆ ಏನು ಬೆಲೆ ಎಂದೂ ಕೇಳುತ್ತಿತ್ತು. ಅಂಥ ಯೋಚನೆ ಬಂದದ್ದಕ್ಕೆ ಪಾಪನಿವೇದನೆಯಲ್ಲಿ ಪಾದ್ರಿಯವರ ಹತ್ತಿರವೂ ಹೇಳಿಕೊಂಡೆ.

ಏನೂ ಆಗಲಿಲ್ಲ. ಮರಳಿ ಬಂದಾಗ ಮ್ಯಾನೇಜರ್ ನಗುತ್ತ, "ಎಲ್ಲಿ ನಿಮ್ಮ ಬಿರುಕು?" ಎಂದರು. ನಗೆ ಹಬ್ಬಿತು. ಕ್ಯಾಂಟೀನಿನಲ್ಲಿ ಬಿರುಕುಬಿಟ್ಟ ಕಪ್ಪು ಸಿಕ್ಕಿದರೆ "ಗ್ರೇಸಿಗೆ ತೋರಿಸಿ" ಎನ್ನುವರು. ಟ್ರಾಲಿ ಅಷ್ಟರಲ್ಲಿ ಷೆಡ್ಡು ಸೇರಿತ್ತು. ತಂತಿಯಲ್ಲಿ ಏನೋ ದೋಷವಂತೆ, ರಿಪೇರಿ ಬೇಡವೆಂದು ತೀರ್ಮಾನಿಸಿ, ರಬ್ಬರ್ ಚಕ್ರದ ರೈಲುಗಾಡಿ ತರಿಸಿದ್ದರು. ನನ್ನನ್ನು ಕಳೆದುಹೋದ ಮಕ್ಕಳನ್ನು ಕೂರಿಸಿಕೊಳ್ಳುವ ಕೌಂಟರಿಗೆ ಹಾಕಿದರು. ವಾಸಣ್ಣ ಎರಡು ಮೂರು ಸಲ ಕೌಂಟರಿನ ಹತ್ತಿರ ಬಂದು ನಿಂತರು. ನಾನು ಯಾವುದಾದರೂ ಮಗುವಿನ ಕಡೆ ತಿರುಗಿಬಿಡುತ್ತಿದ್ದೆ. ವರ್ಷ ತುಂಬುವುದರೊಳಗೆ ಅವರು ಬೇರೆ ಕಂಪನಿಗೆ ಹೋದರು. ಹೋಗುವಾಗ ಹೇಳಿ ಹೋಗಲು ಮನೆಗೆ ಬಂದಿದ್ದರಂತೆ. ನಾನು ಒಳಗಿದ್ದೂ ಇಲ್ಲವೆಂದು ಶರೊನ್ ಕೈಯಲ್ಲಿ ಹೇಳಿಸಿದೆ.

ನಂತರ ಪಾರ್ಕು ಮುಚ್ಚಿತು, ನೆಲಸಮವಾಯಿತು. ನಾನು ಇನ್ನೊಂದು ಕಡೆ ಕೆಲವು ವರ್ಷ ದುಡಿದು ನಿವೃತ್ತಳಾದೆ. ಈಗ ಸಾಲ್ಮಿಯಾದಲ್ಲಿ ಮಗಳ ಮನೆಯಲ್ಲಿದ್ದೇನೆ.

ಹೋದ ಚಳಿಗಾಲದಲ್ಲಿ ಒಬ್ಬ ಕುವೈತಿ ಯುವಕ ಯಾರಿಂದಲೋ ನನ್ನ ನಂಬರು ಪಡೆದು ಫೋನ್ ಮಾಡಿದ. ಹಳೆಯ ಟ್ರಾಲಿಯನ್ನು ಅವನು ಕೊಂಡಿದ್ದಾನೆ, ರಿಪೇರಿ ಮಾಡಿಸಿ ಸಮುದ್ರದ ಬದಿಯಲ್ಲಿ ಕಾಫಿ ಅಂಗಡಿ ಮಾಡುತ್ತಾನೆ, ಮೊದಲಿನ ಬಣ್ಣ ಯಾವುದಿತ್ತೆಂದು ಹೇಳುವವರು ಬೇಕು. ಶರೊನ್ ನನ್ನನ್ನು ಗ್ಯಾರೇಜುಗಳ ಬಡಾವಣೆಯಾದ ರಾಯ್‌ನ ಒಂದು ವರ್ಕ್‌ಶಾಪಿಗೆ ಕರೆದುಕೊಂಡು ಹೋದಳು. ಕಾರುಗಳ ನಡುವೆ ಟ್ರಾಲಿ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಬೆಂಚುಗಳಿಲ್ಲ, ಕಂಬವಿಲ್ಲ. ಹಸಿರು ಎಂದೆ, ಅಂಚಿಗೆ ಕೆನೆಬಣ್ಣ. ಅವನು ಬರೆದುಕೊಂಡ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಸೋಮವಾರ ಬರುತ್ತಿದ್ದನಂತೆ.

ಅವನು ಚಹಾ ಹೇಳಲು ಹೋದಾಗ ನಾನು ಒಂದು ರಟ್ಟು ಹಾಸಿ ಟ್ರಾಲಿಯ ಅಡಿಗೆ ತೂರಿದೆ.

"ಮಮ್ಮಿ! ವಾಟ್ ಆರ್ ಯೂ ಡೂಯಿಂಗ್? ಯುವರ್ ನೀಸ್!" ಎಂದು ಶರೊನ್ ಕೂಗಿದಳು.

"ಮೊಬೈಲಿನ ಲೈಟು ಹಾಕಿ ಕೊಡು," ಎಂದೆ.

ತೋಳು ಅಲ್ಲೇ ಇತ್ತು. ಗ್ರೀಸು ಗಟ್ಟಿಯಾಗಿ ಅಂಟಿತ್ತು. ಕರ್ಚೀಫಿನಿಂದ ಒರೆಸಿದೆ. ನಾನು ಹೊಡೆದ ಎರಡು ಚುಕ್ಕೆಗಳು ಸಿಕ್ಕಿದವು. ಬಿರುಕು ಒಂದು ಚುಕ್ಕೆಯಲ್ಲೇ ನಿಂತಿತ್ತು. ಇನ್ನೊಂದನ್ನು ದಾಟಿ ಹೆಬ್ಬೆರಳಿನ ಉಗುರಿನಷ್ಟು ಮುಂದೆ ಹೋಗಿತ್ತು.

ಗೆದ್ದೆ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಈದಿನ ಮೂರು ದಿನ ತುಂಬಿ ತುಳುಕುವ ಟ್ರಾಲಿ ಆ ದಿಣ್ಣೆಯನ್ನು ಎಷ್ಟು ಸಲ ಇಳಿದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ. ಶರೊನ್ ನನ್ನನ್ನು ಎಳೆದು ಹೊರಗೆ ತಂದು ಕೂರಿಸಿದಳು.

ಮನೆಗೆ ಬಂದು ಊರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿ ವಾಸಣ್ಣನ ನಂಬರು ತೆಗೆದೆ. ಅವರು ಈಗ ಕಾರ್ಕಳದಲ್ಲಿದ್ದಾರೆ. ಯಾಕೆ ಫೋನ್ ಮಾಡಿದೆ ಎಂದು ಕೇಳಿದರೆ, ಬೈಯುವುದಕ್ಕೆ. ಅಷ್ಟು ವರ್ಷದ ಸಿಟ್ಟಿಗೆ ಈಗ ಸಾಕ್ಷಿ ಸಿಕ್ಕಿತ್ತು.

"ವಾಸಣ್ಣ, ನಾನು ಗ್ರೇಸಿ."

"ಓ, ಬಾಯಿ! ಎಷ್ಟು ಸಮಯ ಆಯ್ತು ಮಾರಾಯ್ರೆ. ಸೌಖ್ಯವಾ?"

ನಾನು ಸೌಖ್ಯ ಹೇಳಲಿಲ್ಲ. ನೋಡಿದ್ದನ್ನು ಹೇಳಿದೆ. ಉಗುರಿನಷ್ಟು ಎಂದೆ.

"ಹೋಗಿರ್ತದೆ," ಎಂದರು. "ಮೂರು ದಿನ ಬ್ರೇಕ್ ಹಿಡಿದದ್ದು ಕಮ್ಮಿಯಾ?"

"ಇಷ್ಟು ಸಲೀಸಾಗಿ ಹೇಳ್ತೀರಲ್ಲ! ದಿಣ್ಣೆ ಇಳಿಯುವಾಗ ಅದು ತುಂಡಾಗಿದ್ದರೆ?"

"ದಿಣ್ಣೆಯಾ? ದಿಣ್ಣೆಗೆ ಯಾರು ಹತ್ತಿಸಿದ್ದು?"

ನನಗೆ ಅರ್ಥವಾಗಲಿಲ್ಲ.

"ಈದಿನ ಮೊದಲನೇ ದಿನ ಬೆಳಿಗ್ಗೆ ದಿಣ್ಣೆಯ ಮೇಲಿನ ತಂತಿಯ ಜೋಡಣೆ ನಾನೇ ಬಿಚ್ಚಿದ್ದು ಬಾಯಿ. ಅಲ್ಲಿಂದ ಮುಂದೆ ಕರೆಂಟೇ ಇಲ್ಲ, ಟ್ರಾಲಿ ಹತ್ತುವುದು ಹೇಗೆ? ಬಾಗಿಲಿನಿಂದ ದಿಣ್ಣೆಯ ಬುಡದ ತನಕ ಸಪಾಟಿನಲ್ಲಿ ಮಾತ್ರ ಓಡಿದ್ದು. ಹೋಗುವುದು, ಬರುವುದು. ಅದೂ ನಡೆಯುವವರ ಜೊತೆ ನಡೆಯುವಷ್ಟು ನಿಧಾನ. ನಾನೇ ಎದುರಿನಿಂದ ನಡೆದದ್ದು, ಕೈಯಲ್ಲಿ ಚಕ್ರದ ಅಡಿಗೆ ಕೊಡುವ ಮರದ ಬೆಣೆ ಹಿಡ್ಕೊಂಡು. ಮ್ಯಾನೇಜರ್ ಮೂರು ದಿನವೂ ಜನರ ಎದುರೇ ಬೈದರು. ತಂತಿ ಸರಿ ಮಾಡ್ಲಿಕ್ಕೆ ಗೊತ್ತಿಲ್ಲದ ಮೆಕ್ಯಾನಿಕ್ ಅಂತ. ಗೊತ್ತಿಲ್ಲ ಸರ್ ಅಂತ ಹೇಳಿದೆ. ಆಮೇಲೆ ರಿಪೇರಿಗೆ ತಿಂಗಳು ಬೇಕು ಅಂತ ಬರೆದು ಕೊಟ್ಟೆ. ಷೆಡ್ಡಿಗೆ ಹಾಕಿದ್ರು. ಖಲಾಸ್."

"ನನಗೆ ಹೇಳಬಹುದಿತ್ತಲ್ಲ ವಾಸಣ್ಣ," ಎಂದೆ.

"ಬಂದಿದ್ದೆನಲ್ಲ ಬಾಯಿ. ನೀವು ಮುಖ ಕೊಟ್ಟರೆ ಅಲ್ವಾ ಹೇಳುವುದು."

ಅದರಲ್ಲಿ ದೂರಿರಲಿಲ್ಲ. ನಾನು ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಶರೊನ್ ಎಲ್ಲಿದ್ದಾಳೆ, ಸೈಕಲ್ ಈಗಲೂ ಬಿಡುತ್ತಾಳಾ ಎಂದು ವಿಚಾರಿಸಿದರು.

ದೋಷ ಕಂಡ ಯಂತ್ರಕ್ಕೆ ಸಹಿಯನ್ನು ನೀವು ಹಾಕಬೇಡಿ. ಅದನ್ನು ಈಗಲೂ ಹೇಳುತ್ತೇನೆ. ವಾಸಣ್ಣ ಸಹಿ ಹಾಕಿದ್ದು ಸರಿ ಎಂದು ಅವರೂ ಹೇಳುವುದಿಲ್ಲ. ಸಪಾಟಿನಲ್ಲೂ ಏನಾದರೂ ಆಗಬಹುದಿತ್ತು, ಅದಕ್ಕೇ ಬೆಣೆ ಹಿಡಿದು ನಡೆದೆ ಎಂದು ಅವರೇ ಅಂದರು. ಆದರೆ ನಾನು ಸಹಿ ಹಾಕದೆ ವಿಮಾನ ಹತ್ತಿದೆ, ಅವರು ಸಹಿ ಹಾಕಿ ಟ್ರಾಲಿಯ ಎದುರು ನಡೆದರು. ಆ ಮೂರು ದಿನ ಮಕ್ಕಳನ್ನು ಕಾಯ್ದದ್ದು ನನ್ನ ನಿರಾಕರಣೆಯಲ್ಲ. ನಿಮ್ಮ ಮಾತು ನಡೆಯದೇ ಹೋದ ದಿನ ಮನೆಗೆ ಹೋಗಿಬಿಡಬೇಡಿ. ನಿಮ್ಮ ಜಾಗದಲ್ಲಿ ನಿಂತವರು ಏನೋ ಹೇಳಲು ಬಾಯಿ ತೆರೆದರೆ ನಿಂತು ಕೇಳಿ.

ಫೋನ್ ಇಡುವ ಮೊದಲು ವಾಸಣ್ಣ, "ಅದು ಕಾಫಿ ಅಂಗಡಿ ಆಗ್ತದೆ ಅಂದ್ರಲ್ಲ, ಎಲ್ಲಿ ನಿಲ್ಲಿಸುವುದು?" ಎಂದು ಕೇಳಿದರು.

"ಸಮುದ್ರದ ಬದಿ ಅಂತೆ. ಸ್ವಲ್ಪ ಇಳಿಜಾರಿನ ಜಾಗವಂತೆ."

"ಹಾಗಾದ್ರೆ ಚಕ್ರಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿಸ್ಲಿಕ್ಕೆ ಹೇಳಿ ಬಾಯಿ. ಆ ಬ್ರೇಕನ್ನು ನಂಬುವುದು ಬೇಡ."

ಮರುದಿನ ಬೆಳಿಗ್ಗೆಯೇ ಆ ಯುವಕನಿಗೆ ಫೋನ್ ಮಾಡಿ ಹೇಳಿದೆ. ಅಂಗಡಿಗೆ ಬ್ರೇಕು ಯಾಕೆ ಎಂದು ಅವನು ನಕ್ಕ. ನಾನು ನಗಲಿಲ್ಲ. ಮತ್ತೊಮ್ಮೆ ಹೇಳಿದೆ. ಕಟ್ಟೆ ಕಟ್ಟುವ ದಿನ ಯಾವುದೆಂದು ಕೇಳಿ ಬರೆದುಕೊಂಡೆ. ಆ ದಿನ ಹೋಗಿ, ಸಿಮೆಂಟು ಒಣಗುವ ತನಕ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.